ಗಡಿಯಾಚೆ ಹೋದ ಮಗು

ಅಸರ್ ನಮಾಝ್ ಮುಗಿದು, ಮಕ್ತಬ್‌ನ ಮಕ್ಕಳು ಖಾಯಿದಾ ತೆರೆದು ಕುಳಿತಿದ್ದ ಹೊತ್ತು. ಗೋಕಾಕದ ನಮ್ಮ ಮಸೀದಿಯ ಗೇಟಿನ ಮುಂದೆ ಒಂದು ಮೋಟಾರ್‌ಸೈಕಲ್ ಬಂದು ನಿಂತಿತು. ಇಳಿದವನು ಸಲಾಮ್ ಹೇಳಿ, ಆರು ವರ್ಷದ ಒಬ್ಬ ಹುಡುಗನನ್ನು ತೋರಿಸಿ, ತಾನು ಅವನ ತಂದೆಯೆಂದೂ ಒಂದು ಗಳಿಗೆ ಕರೆದೊಯ್ಯುವೆನೆಂದೂ ಹೇಳಿದನು. ಹುಡುಗನ ಮುಖ ಅರಳಿತು. "ಅಬ್ಬಾ" ಎನ್ನುತ್ತಾ ಓಡಿಹೋದನು. ಮಗನನ್ನು ತಂದೆಯೊಡನೆ ಕಳಿಸಲು ಯಾರನ್ನು ಕೇಳಬೇಕು? ನಾವು ತಲೆಯಾಡಿಸಿದೆವು.

ಮಗ್‌ರಿಬ್ ಅಝಾನಿಗೆ ಮೊದಲೇ ಹುಡುಗನ ನಾನಿ ಬಂದರು. ಅಷ್ಟರಲ್ಲಿ ಆ ಗಾಡಿ ಹುಕ್ಕೇರಿ, ಸಂಕೇಶ್ವರಗಳನ್ನು ದಾಟಿ ನಿಪ್ಪಾಣಿಯ ಹೆದ್ದಾರಿ ಹಿಡಿದಿರಬೇಕು. ಹುಡುಗನ ತಾಯಿ ಗೋಕಾಕದ ಮಗಳು. ಇಚಲಕರಂಜಿಯ ವಿದ್ಯುತ್ ಮಗ್ಗದಲ್ಲಿ ದುಡಿಯುವವನಿಗೆ ಕೊಟ್ಟಿದ್ದರು. ಮನೆ ಮುರಿದು, ಮಗನನ್ನು ಕರೆದುಕೊಂಡು ತವರಿಗೆ ಬಂದು ಎರಡು ವರ್ಷಗಳಾಗಿದ್ದವು. ಇದೆಲ್ಲ ನಮಗೆ ಗೊತ್ತಿತ್ತು. ಗೊತ್ತಿದ್ದೂ ಕಳಿಸಿದ್ದೆವು.

"ಹಜರತ್, ಯಾರನ್ನ ಕೇಳಿ ಕಳಿಸಿದ್ರಿ?" ಎಂದರು ನಾನಿ.

"ಖಾಲಾ, ಅವರು ತಂದೆ ಅಲ್ರಿ? ಮುಂದಿನ ವರ್ಷ ಹುಡುಗಗ ಏಳು ತುಂಬತಾವ. ಶರೀಅತ್ ಪ್ರಕಾರ ಆಗ ಹೆಂಗೂ ತಂದೆ ಕಡೆ ಹೋಗಬೇಕಲ್ರಿ" ಎಂದು ನಾವು ಸಮಜಾಯಿಷಿ ಕೊಟ್ಟೆವು.

"ಇನ್ನೂ ತುಂಬಿಲ್ಲಲ್ರಿ" ಎಂದು ಆ ಅಕ್ಷರವಿಲ್ಲದ ಮುದುಕಿ ಹೇಳಿ ತಿರುಗಿ ನಡೆದರು. ಎಂಟು ವರ್ಷ ಮದ್ರಸದಲ್ಲಿ ಓದಿದ ನಮ್ಮಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಆ ರಾತ್ರಿ ನಮಗೆ ನೆನಪಾದದ್ದು ಇಮಾಮ್ ಮಾಲಿಕ್(ರ)ರ ಮುವತ್ತಾದಲ್ಲಿ ಬಂದಿರುವ ಒಂದು ಘಟನೆ. ಅದನ್ನು ನಾವೇ ಹಲವು ಬಾರಿ ಜುಮಾ ಬಯಾನಿನಲ್ಲಿ ಹೇಳಿದ್ದೆವು. ಹ. ಉಮರ್(ರ)ರಿಗೆ ಅನ್ಸಾರ್ ಮನೆತನದ ಪತ್ನಿಯಿಂದ ಆಸಿಮ್ ಎಂಬ ಮಗನಿದ್ದನು. ಆ ಪತ್ನಿಯಿಂದ ಬೇರ್ಪಟ್ಟ ಬಳಿಕ ಒಂದು ದಿನ ಅವರು ಕುಬಾಕ್ಕೆ ಬಂದಾಗ ಮಗ ಮಸೀದಿಯ ಅಂಗಳದಲ್ಲಿ ಆಡುತ್ತಿದ್ದನು. ಅವರು ಅವನ ತೋಳು ಹಿಡಿದೆತ್ತಿ ತಮ್ಮ ಸವಾರಿಯ ಮೇಲೆ ಮುಂದೆ ಕೂರಿಸಿಕೊಂಡರು. ಮಗುವಿನ ಅಜ್ಜಿ ಬೆನ್ನಟ್ಟಿ ಬಂದು ತಡೆದರು. ವ್ಯಾಜ್ಯವು ಖಲೀಫ ಹ. ಅಬೂಬಕರ್(ರ)ರ ಮುಂದೆ ಹೋಯಿತು. ತನ್ನ ಮಗ ಎಂದು ಇವರು, ತನ್ನ ಮಗ ಎಂದು ಅವರು. ಖಲೀಫರು ಮಗುವನ್ನು ಅಜ್ಜಿಯ ಬಳಿ ಬಿಟ್ಟುಬಿಡುವಂತೆ ಉಮರ್‌ರಿಗೆ ಹೇಳಿದರು. ಉಮರ್‌ರಂತಹ ಉಮರ್ ಒಂದು ಮಾತನ್ನೂ ಎದುರಾಡಲಿಲ್ಲ.

ಮಸೀದಿಯ ಅಂಗಳ, ಸವಾರಿ, ಬೆನ್ನಟ್ಟಿ ಬಂದ ಅಜ್ಜಿ. ನಮ್ಮ ಮಕ್ತಬ್‌ನ ಗೇಟಿನಲ್ಲಿ ನಡೆದದ್ದು ಅದೇ ಆಗಿತ್ತು. ತೀರ್ಪು ಕೊಡುವವರು ಮಾತ್ರ ನಮ್ಮಲ್ಲಿರಲಿಲ್ಲ.

ಮರುದಿನ ತಾಯಿಯೂ ನಾನಿಯೂ ಠಾಣೆಗೆ ಹೋದರು. ತಂದೆ ಮಗನನ್ನು ಕರೆದೊಯ್ದರೆ ಅಪಹರಣ ಹೇಗಾಗುತ್ತದೆ, ಇದು ಸಿವಿಲ್ ವಿಷಯ, ಅದೂ ಬೇರೆ ರಾಜ್ಯದ್ದು ಎಂಬ ಉತ್ತರ ಸಿಕ್ಕಿತು. ಮನೆಯ ಗಂಡಸರು ನಾಲ್ಕು ಗಾಡಿ ಕಟ್ಟಿಕೊಂಡು ಇಚಲಕರಂಜಿಗೆ ನುಗ್ಗಿ ಹುಡುಗನನ್ನು ಎತ್ತಿ ತರುವ ಮಾತಾಡಿದರು. ಅದನ್ನು ತಡೆದದ್ದೊಂದೇ ಆ ವಾರ ನಾವು ಮಾಡಿದ ಸರಿಯಾದ ಕೆಲಸವೆಂದು ತೋರುತ್ತದೆ. ಹಾಗೆ ಎತ್ತಿ ತಂದಿದ್ದರೆ ಹುಡುಗ ಎರಡನೆಯ ಬಾರಿ ಕದ್ದ ಮಾಲಾಗುತ್ತಿದ್ದನು. ಮೇಲೆ ಗಂಡಸರ ಮೇಲೆ ಅಲ್ಲಿ ಕೇಸೂ ಬೀಳುತ್ತಿತ್ತು.

ನ್ಯಾಯಾಲಯದ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯ ಒಂದು ಕೋಣೆ ಇರುತ್ತದೆ. ನಾವು ಎಷ್ಟೋ ಬಾರಿ ಅದರ ಫಲಕದ ಕೆಳಗೆ ನೆರಳಿಗೆ ನಿಂತಿದ್ದೆವು, ಒಳಗೆ ಹೋಗಿರಲಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೆಯ ಕಲಮಿನಂತೆ ಮಹಿಳೆಗೂ ಮಗುವಿಗೂ ಉಚಿತ ವಕೀಲರನ್ನು ಕೊಡಬೇಕು. ಅವರ ಆದಾಯ ಎಷ್ಟೆಂದು ಯಾರೂ ಕೇಳುವಂತಿಲ್ಲ. ಗಂಡಸಿಗಾದರೆ ಸಾಮಾನ್ಯವಾಗಿ ಆದಾಯದ ಮಿತಿ ಇದೆ. ಆ ಸಮಿತಿಯ ಅಧ್ಯಕ್ಷರು ತಾಲ್ಲೂಕಿನ ಹಿರಿಯ ನ್ಯಾಯಾಧೀಶರೇ. 15100 ಎಂಬ ಸಂಖ್ಯೆಗೆ ಕರೆ ಮಾಡಿದರೂ ದಾರಿ ಹೇಳುತ್ತಾರೆ. ಬಿಳಿ ಹಾಳೆಯಲ್ಲಿ ಬರೆದ ಒಂದು ಅರ್ಜಿ ಸಾಕಾಯಿತು.

ಅಲ್ಲಿ ನೇಮಕವಾದ ವಕೀಲ ಹೆಣ್ಣುಮಗಳು ಕೇಳಿದ ಮೊದಲ ಪ್ರಶ್ನೆ ನಮ್ಮನ್ನು ಚಕಿತಗೊಳಿಸಿತು. ತಪ್ಪು ಯಾರದು, ತಲಾಕ್ ಆಗಿದೆಯೋ ಇಲ್ಲವೋ ಎಂಬುದನ್ನು ಅವರು ಆಮೇಲೆ ಕೇಳಿದರು. "ಹುಡುಗ ಎಲ್ಲಿ ಇರತಿದ್ದ? ಎಷ್ಟ ದಿನದಿಂದ? ಕಾಗದ ಏನದಾವ?" ಎಂಬುದೇ ಮೊದಲ ಪ್ರಶ್ನೆ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 9ನೆಯ ಕಲಮಿನ ಪ್ರಕಾರ ಮಗುವಿನ ಪಾಲನೆಯ ಅರ್ಜಿಯನ್ನು ಕೇಳುವ ಅಧಿಕಾರ, ಮಗು ಸಾಮಾನ್ಯವಾಗಿ ವಾಸಿಸುವ ಊರಿನ ಜಿಲ್ಲಾ ನ್ಯಾಯಾಲಯಕ್ಕೆ, ಕುಟುಂಬ ನ್ಯಾಯಾಲಯವಿರುವಲ್ಲಿ ಅದಕ್ಕೆ ಇದೆ. ಮದುವೆ ನಡೆದ ಊರು, ತಂದೆಯ ಊರು ಇವು ಲೆಕ್ಕಕ್ಕಿಲ್ಲ. 2011ರಲ್ಲಿ ರುಚಿ ಮಜೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸಾಮಾನ್ಯ ವಾಸ ಯಾವುದೆಂಬುದನ್ನು ಆಯಾ ಪ್ರಕರಣದ ಸಂಗತಿಗಳನ್ನು ನೋಡಿ ನಿರ್ಣಯಿಸಬೇಕೆಂದು ಹೇಳಿದೆ. ಗುಟ್ಟಾಗಿ ಎತ್ತಿಕೊಂಡು ಹೋದ ಮಾತ್ರಕ್ಕೆ ಒಂದು ವಾರದಲ್ಲಿ ಮಗುವಿನ ವಾಸ ಬದಲಾಗುವುದಿಲ್ಲ. ಆದರೆ ತಾಯಿ ವರ್ಷಗಟ್ಟಲೆ ಸುಮ್ಮನೆ ಕುಳಿತರೆ ಬದಲಾಗುತ್ತದೆ.

ಕಾಗದವೆಂದರೆ ಉರ್ದು ಶಾಲೆಯ ದಾಖಲಾತಿ, ಲಸಿಕೆ ಕಾರ್ಡು, ಮತ್ತು ನಮ್ಮ ಹಾಜರಿ ಪುಸ್ತಕ. ನಮ್ಮ ಹಾಜರಿ ಪುಸ್ತಕದ ಸ್ಥಿತಿಯನ್ನು ಇಲ್ಲಿ ಹೇಳಲೇಬೇಕು. ಅದನ್ನು ನಾವು ಎಂದೂ ಗಂಭೀರವಾಗಿ ಇಟ್ಟವರಲ್ಲ. ಶಾಬಾನ್ ತಿಂಗಳಿನ ಹನ್ನೊಂದು ದಿನ ಖಾಲಿ. ಕೆಲವೆಡೆ ಹುಡುಗನ ಹೆಸರಿನ ಬದಲು ಅವನ ಅಡ್ಡಹೆಸರು. ಮುಂದೆ ಸಾಕ್ಷಿ ಹೇಳಲು ಹೋದಾಗ ಎದುರಿನ ವಕೀಲರು ಆ ಹನ್ನೊಂದು ದಿನಗಳನ್ನೇ ಹಿಡಿದುಕೊಂಡರು. ಆ ದಿನಗಳಲ್ಲಿ ಹುಡುಗ ಇಚಲಕರಂಜಿಯಲ್ಲಿದ್ದನೆಂದು ತಮ್ಮ ಕಕ್ಷಿದಾರರು ಹೇಳುತ್ತಾರೆ, ಇಲ್ಲವೆಂದು ನೀವು ಹೇಗೆ ಹೇಳುವಿರಿ ಎಂದು ಕೇಳಿದರು. ಆ ದಿನಗಳಲ್ಲಿ ಮಕ್ಕಳೆಲ್ಲರೂ ಬಂದಿದ್ದರು, ನಾವೇ ಬರೆದಿರಲಿಲ್ಲ ಎಂದು ತುಂಬಿದ ನ್ಯಾಯಾಲಯದಲ್ಲಿ ಒಪ್ಪಿಕೊಳ್ಳಬೇಕಾಯಿತು. ಉರ್ದುವಿನಲ್ಲಿ ಬರೆದ ಆ ಪುಟಗಳಿಗೆ ಕನ್ನಡ ಅನುವಾದ ಮಾಡಿಸಿ ಕೊಟ್ಟಿದ್ದರು. ಬಿ.ಎ.ಯಲ್ಲಿ ಕನ್ನಡ ಓದಿದ್ದ ನಮಗೆ ನಮ್ಮದೇ ಅಲಕ್ಷ್ಯವನ್ನು ಶುದ್ಧ ಕನ್ನಡದಲ್ಲಿ ಓದುವ ಯೋಗ ಒದಗಿತು!

ಇನ್ನು ಏಳು ವರ್ಷದ ಮಾತು. ಹನಫಿ ಫಿಕ್ಹ್‌ನಲ್ಲಿ ಗಂಡುಮಗುವಿಗೆ ಏಳು ತುಂಬುವವರೆಗೆ, ಹೆಣ್ಣುಮಗುವಿಗೆ ಪ್ರಾಯಕ್ಕೆ ಬರುವವರೆಗೆ ತಾಯಿಗೆ ಹಿಝಾನತ್, ಅಂದರೆ ಪಾಲನೆಯ ಹಕ್ಕು ಇದೆ. ತಾಯಿ ಇಲ್ಲದಿದ್ದರೆ ನಾನಿಗೆ. ಖರ್ಚು ತಂದೆಯದು. ಸೂರಃ ಅಲ್‌ಬಕರದ 233ನೆಯ ಸೂಕ್ತವು ಮಗುವಿನ ನೆಪದಲ್ಲಿ ತಾಯಿಗಾಗಲಿ ತಂದೆಗಾಗಲಿ ಕಷ್ಟ ಕೊಡಬಾರದೆಂದು ಎರಡೂ ಕಡೆಗೆ ಹೇಳುತ್ತದೆ. ನ್ಯಾಯಾಲಯವು ಇದನ್ನು ಬದಿಗಿಡುವುದಿಲ್ಲ. ಆ ಕಾಯ್ದೆಯ 17ನೆಯ ಕಲಮು, ಮಗುವಿಗೆ ಅನ್ವಯಿಸುವ ಕಾನೂನಿಗೆ ಹೊಂದುವಂತೆ ಅದರ ಹಿತವನ್ನು ನೋಡಬೇಕೆನ್ನುತ್ತದೆ. ಮಗುವಿನ ವಯಸ್ಸು, ಲಿಂಗ, ಧರ್ಮ, ಪಾಲಕನ ನಡತೆ, ಬುದ್ಧಿ ಬಂದ ಮಗುವಿನ ಇಷ್ಟ, ಎಲ್ಲವೂ ಅದರಲ್ಲಿ ಸೇರುತ್ತವೆ. ಹುಟ್ಟುಹಬ್ಬದ ಬೆಳಿಗ್ಗೆ ಮಗುವನ್ನು ಗಾಡಿಯ ಮೇಲೆ ಕೂರಿಸಿಕೊಂಡು ಹೋಗಬಹುದೆಂದು ಫಿಕ್ಹ್ ಗ್ರಂಥಗಳಲ್ಲಿಯೂ ನಾವು ಓದಿಲ್ಲ. ನಮ್ಮಲ್ಲಿ ಕೆಲವು ಜಮಾಅತ್‌ಗಳು ಖುಲಾ ಪತ್ರದಲ್ಲಿ ತಾಯಿ ಮಗುವನ್ನು ಬಿಟ್ಟುಕೊಟ್ಟಿದ್ದಾಳೆಂದು ಸ್ಟಾಂಪ್ ಕಾಗದದಲ್ಲಿ ಬರೆಸಿಕೊಳ್ಳುವ ಪದ್ಧತಿಯಿದೆ. ಹನಫಿ ವಿದ್ವಾಂಸರ ಪ್ರಕಾರ ಖುಲಾ ಸಿಂಧು, ಆ ಷರತ್ತು ಅಸಿಂಧು. ಪಾಲನೆ ಮಗುವಿನ ಹಕ್ಕೂ ಆಗಿರುವುದರಿಂದ ಅದನ್ನು ಮಾರಲು ಬರುವುದಿಲ್ಲ. ನ್ಯಾಯಾಲಯವೂ ಅಂತಹ ಕಾಗದಕ್ಕೆ ಕಟ್ಟುಬೀಳುವುದಿಲ್ಲ.

ಈ ಸುದ್ದಿ ಹರಡಿದ ಮೇಲೆ ಇನ್ನೆರಡು ಮನೆಯವರು ನಮ್ಮಲ್ಲಿಗೆ ಬಂದರು. ಮೂಡಲಗಿಯಿಂದ ಬಂದವನು ಒಬ್ಬ ತಂದೆ. ಹೆಂಡತಿ ಮಗಳನ್ನು ಕರೆದುಕೊಂಡು ಮಿರಜಿನ ತವರಿಗೆ ಹೋಗಿ ಮೂರು ವರ್ಷ ದಾಟಿತ್ತು, ಮಗಳು ಅಲ್ಲಿಯೇ ಶಾಲೆಗೆ ಸೇರಿದ್ದಳು. ಅವನ ಪಾಲಿಗೆ ಗೋಕಾಕವೂ ಬೆಳಗಾವಿಯೂ ಮುಚ್ಚಿದ ಬಾಗಿಲು. ಸಾಂಗ್ಲಿ ಜಿಲ್ಲೆಯ ನ್ಯಾಯಾಲಯಕ್ಕೇ ಹೋಗಬೇಕು. ಅವನಿಗೆ ಮಗಳನ್ನು ಕಿತ್ತುಕೊಳ್ಳುವ ಆಸೆಯಿರಲಿಲ್ಲ, ನೋಡಬೇಕಿತ್ತು ಅಷ್ಟೇ. ಯಶಿತಾ ಸಾಹು ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟು, ಮಗುವಿಗೆ ತಂದೆತಾಯಿ ಇಬ್ಬರ ಪ್ರೀತಿಯೂ ಬೇಕು, ದೂರವಿರುವವರಿಗೆ ವಿಡಿಯೊ ಕರೆಯ ಮೂಲಕವಾದರೂ ಮಾತಾಡುವ ಅವಕಾಶವಿರಬೇಕು ಎಂದಿದೆ. ಅದನ್ನು ತಿಳಿಸಿದಾಗ ಅವನು ಅತ್ತನು.

ಹುಕ್ಕೇರಿಯವರು ಅಜ್ಜ ಮತ್ತು ಅಜ್ಜಿ. ಮಗಳು ತೀರಿಕೊಂಡಿದ್ದಳು, ಇಬ್ಬರು ಮೊಮ್ಮಕ್ಕಳು ಇವರಲ್ಲಿ, ಅಳಿಯ ಕೊಲ್ಹಾಪುರದಲ್ಲಿ ಮರುಮದುವೆಯಾಗಿ ಈಗ ಮಕ್ಕಳನ್ನು ಕೇಳುತ್ತಿದ್ದನು. ಅವರಿಗೆ ಬೆಂಗಳೂರಿನ ಅಥರ್ ಹುಸೇನ್ ಪ್ರಕರಣವನ್ನು ಓದಿ ಹೇಳಿದೆವು. ಅಲ್ಲಿಯೂ ತಾಯಿ ತೀರಿಹೋಗಿ ತಂದೆ ಮರುಮದುವೆಯಾಗಿದ್ದರು, ತಾಯಿಯ ತಂದೆ ಮತ್ತು ಬಂಧುಗಳು ಕುಟುಂಬ ನ್ಯಾಯಾಲಯಕ್ಕೆ ಹೋಗಿದ್ದರು. 2010ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮಧ್ಯಂತರ ಪಾಲನೆಯನ್ನು ತಾಯಿಯ ಕಡೆಯವರಿಗೇ ಉಳಿಸಿ ತಂದೆಗೆ ಭೇಟಿಯ ಅವಕಾಶ ಕೊಟ್ಟಿತು. ತಂದೆ ಸಹಜ ಪಾಲಕನಾಗಿರುವುದು ಬೇರೆ, ಮಗು ಯಾರ ಬಳಿ ಇರಬೇಕೆಂಬುದು ಬೇರೆ ಎಂದು ಅದು ವಿಂಗಡಿಸಿತು. ಅಜ್ಜನ ಮುಖ ಗೆಲುವಾದುದನ್ನು ಕಂಡು ಇನ್ನೊಂದನ್ನೂ ಹೇಳಬೇಕಾಯಿತು. 2019ರಲ್ಲಿ ಮಹಾರಾಷ್ಟ್ರದ ತೇಜಸ್ವಿನಿ ಗೌಡ್ ಪ್ರಕರಣದಲ್ಲಿ, ತಾಯಿ ಕ್ಯಾನ್ಸರಿನಿಂದ ತೀರಿದ ಮೇಲೆ ತಾಯಿಯ ಒಡಹುಟ್ಟಿದವರಲ್ಲಿದ್ದ ಮಗುವನ್ನು ಸುಪ್ರೀಂ ಕೋರ್ಟು ತಂದೆಗೆ ಕೊಡಿಸಿತು. ಅಳಿಯನೂ ಹೇಬಿಯಸ್ ಕಾರ್ಪಸ್ ಅರ್ಜಿಯೊಂದಿಗೆ ಧಾರವಾಡದ ಪೀಠಕ್ಕೆ ಬರಬಹುದು. ಗಡಿಯಾಚೆ ಇರುವ ಮಗುವಿಗಾಗಿ ನಮ್ಮವರು ಮುಂಬೈವರೆಗೆ ಹೋಗುವ ಅಗತ್ಯ ಈಗ ಉಳಿದಿಲ್ಲ. 2025ರ ಆಗಸ್ಟಿನಿಂದ ಕೊಲ್ಹಾಪುರದಲ್ಲಿಯೇ ಬಾಂಬೆ ಹೈಕೋರ್ಟಿನ ಸಂಚಾರಿ ಪೀಠ ಕುಳಿತುಕೊಳ್ಳುತ್ತಿದೆ, ಸಾಂಗ್ಲಿಯೂ ಅದರ ವ್ಯಾಪ್ತಿಯಲ್ಲಿದೆ.

ನಮ್ಮ ಹುಡುಗನ ವಿಷಯಕ್ಕೆ ಬರೋಣ. ನೋಟಿಸು ಗಡಿ ದಾಟಿ ಮುಟ್ಟುವುದರಲ್ಲೇ ವಾರಗಳು ಕಳೆದವು. ಅತ್ತ ತಂದೆ ತಮ್ಮ ಊರಿನಲ್ಲಿ ಬೇರೊಂದು ದಾವೆ ಹೂಡುವರೆಂಬ ಸುದ್ದಿ ಬಂದು ತಾಯಿ ಕಂಗಾಲಾದರು. ಎರಡು ರಾಜ್ಯಗಳ ನಡುವೆ ಸಿವಿಲ್ ದಾವೆಯನ್ನು ವರ್ಗಾಯಿಸುವ ಅಧಿಕಾರ ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೆಯ ಕಲಮಿನಂತೆ ಸುಪ್ರೀಂ ಕೋರ್ಟಿಗಿದೆ, ಅಲ್ಲಿಯೂ ಕಾನೂನು ಸೇವಾ ಸಮಿತಿಯಿದೆ, ವಕೀಲರಿಗಾಗಿ ಹೊಲ ಮಾರಬೇಕಿಲ್ಲ ಎಂದು ನಮ್ಮ ವಕೀಲರು ಧೈರ್ಯ ತುಂಬಿದರು. ಆ ಪ್ರಸಂಗ ಬರಲಿಲ್ಲ. ಮೂರನೆಯ ತಿಂಗಳಿನಲ್ಲಿ ಮಧ್ಯಂತರ ಆದೇಶವಾಯಿತು: ಹುಡುಗ ತಾಯಿಯ ಬಳಿ, ತಿಂಗಳಿಗೆ ಎರಡು ಭಾನುವಾರ ತಂದೆಯ ಬಳಿ, ವಾರಕ್ಕೆರಡು ಸಲ ವಿಡಿಯೊ ಕರೆ, ಈದ್ ರಜೆಯಲ್ಲಿ ಅರ್ಧ ಅಲ್ಲಿ. ಹುಡುಗನನ್ನು ಕರೆತಂದವನು ಅವನ ದೊಡ್ಡಪ್ಪ. ಹುಡುಗ ಮರಾಠಿ ಬೆರೆಸಿ ಮಾತಾಡುತ್ತಿದ್ದನು ಮತ್ತು ಕೆಲವು ರಾತ್ರಿ ಹಾಸಿಗೆ ಒದ್ದೆ ಮಾಡುತ್ತಿದ್ದನೆಂದು ನಾನಿ ಆಮೇಲೆ ಹೇಳಿದರು.

ಮೊಕದ್ದಮೆ ಇನ್ನೂ ಮುಗಿದಿಲ್ಲ. ಹುಡುಗನಿಗೆ ಏಳು ತುಂಬಿದೆ, ಏನಾಗುವುದೋ ಅಲ್ಲಾಹನೇ ಬಲ್ಲನು. ಹಾಜರಿ ಪುಸ್ತಕವನ್ನು ಈಗ ಕನ್ನಡದಲ್ಲಿಯೂ ಬರೆಯುತ್ತಿದ್ದೇವೆ. ಮಗುವನ್ನು ಯಾರು ಕರೆದೊಯ್ದರು, ಎಷ್ಟು ಗಂಟೆಗೆ ಎಂಬ ಒಂದು ಕಲಮನ್ನೂ ಅದರಲ್ಲಿ ಹಾಕಿದ್ದೇವೆ. ತಂದೆ ತಮ್ಮ ಪಾಳಿಯ ಭಾನುವಾರ ಬೆಳಿಗ್ಗೆ ಅದೇ ಗೇಟಿಗೆ ಬರುತ್ತಾರೆ, ಸಹಿ ಮಾಡುತ್ತಾರೆ. ಮೊದಮೊದಲು ನಮ್ಮ ಮುಖ ನೋಡುತ್ತಿರಲಿಲ್ಲ. ಕಳೆದ ಸಲ ನಾನಿ ಹುಡುಗನ ದಾದಿಗೆಂದು ಒಂದು ಡಬ್ಬಿ ಕರದಂಟು ಕೊಟ್ಟು ಕಳಿಸಿದ್ದರು. ತಂದೆ ಅದನ್ನು ಗಾಡಿಯ ಚೀಲದಲ್ಲಿಟ್ಟು, ಸಂಜೆ ಐದೂವರೆಗೆ ಕರೆತರುತ್ತೇನೆ ಎಂದು ನಮಗೆ ಹೇಳಿ ಹೊರಟರು. ನಾವು ಸಮಯ ಬರೆದುಕೊಂಡೆವು.