ಬ್ಯಾಲೆ ಅಂದ್ರೆ ಕಾರಂತರದ್ದಾ?

ಥರ್ಡ್ ಸೆಮ್‌ನಲ್ಲಿ ಡೈನಾಮಿಕ್ಸ್ ಕ್ಲಾಸ್. ಆಂಗ್ಯುಲರ್ ಮೊಮೆಂಟಮ್‌ಗೆ ಸರ್ ಕೊಟ್ಟ ಉದಾಹರಣೆ ಐಸ್ ಮೇಲೆ ಸ್ಕೇಟಿಂಗ್ ಮಾಡುವ ಹುಡುಗಿಯದ್ದು. ಕೈ ಚಾಚಿದರೆ ನಿಧಾನ ತಿರುಗ್ತಾಳೆ, ಕೈ ಒಳಗೆ ಎಳೆದುಕೊಂಡರೆ ಜೋರು. ನಮ್ಮ ಕ್ಲಾಸಿನಲ್ಲಿ ಐಸ್ ನೋಡಿದವರೆಲ್ಲ ನೋಡಿದ್ದು ಫ್ರಿಜ್ಜಿನ ಒಳಗೆ ಮಾತ್ರ. ನಾನು ನೋಟ್ಸಿನ ಮಾರ್ಜಿನ್‌ನಲ್ಲಿ ಎರಡು ಶಬ್ದ ಬರೆದೆ: ಫುವೆಟೆ, ಮಂಡಿ. ಪಕ್ಕದಲ್ಲಿ ಕೂತವಳು "ಇದೆಂತ ಮಾರಾಯ್ತಿ, ಸಿಲೆಬಸ್‌ನಲ್ಲಿ ಉಂಟಾ?" ಅಂತ ಕೇಳಿದಳು. ಇಲ್ಲ ಅಂದೆ. ಅವಳಿಗೆ ಆವತ್ತು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಮನೆಯಲ್ಲಿ ತುಳು. ಕನ್ನಡ ಬಂದದ್ದು ಅರ್ಧ ಟೆಕ್ಸ್ಟ್ ಬುಕ್ಕಿನಿಂದ, ಅರ್ಧ ಆಟದಿಂದ. ಆಟ ಅಂದರೆ ಯಕ್ಷಗಾನ. ಘಟ್ಟದ ಮೇಲಿನ ಗೆಳೆಯರು ಕ್ರಿಕೆಟ್ ಅಂತ ತಿಳಿಯಬಾರದು.

ಮೊದಲು ಫುವೆಟೆ. ಆರನೇ ಕ್ಲಾಸಿನಲ್ಲಿ ನನಗೆ ಬ್ಯಾಲೆಯ ಹುಚ್ಚು ಹಿಡಿಯಿತು. ಕಾಪುವಿನ ನಮ್ಮ ಮನೆಯಲ್ಲಿ ಕೂತು ಅಮ್ಮನ ಫೋನಿನಲ್ಲಿ 'ಸ್ವಾನ್ ಲೇಕ್' ನೋಡಿದ್ದು. ಅದರಲ್ಲಿ ಕಪ್ಪು ಹಂಸದ ಪಾತ್ರದವಳು ಒಂದೇ ಕಾಲಿನ ತುದಿಬೆರಳ ಮೇಲೆ ನಿಂತು, ಇನ್ನೊಂದು ಕಾಲನ್ನು ಚಾಟಿಯಂತೆ ಬೀಸಿ, ನಿಂತಲ್ಲೇ 32 ಸುತ್ತು ತಿರುಗುತ್ತಾಳೆ. 1895ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಪಿಯೆರಿನಾ ಲೆನ್ಯಾನಿ ಎಂಬ ಇಟಲಿಯವಳು ಅದನ್ನು ಮಾಡಿ ತೋರಿಸಿದ ಮೇಲೆ ಉಳಿದವರಿಗೆಲ್ಲ ಅದೇ ಲೆಕ್ಕ ಆಯಿತು. ಪ್ರತಿ ಸುತ್ತಿನಲ್ಲಿ ಒಂದು ಕ್ಷಣ ಅವಳು ಹಿಮ್ಮಡಿ ಇಳಿಸಿ ನಮ್ಮ ಕಡೆ ಮುಖ ಮಾಡಿ ನಿಂತಂತೆ ಕಾಣುತ್ತದೆ. ಆದರೆ ಬೀಸಿದ ಕಾಲು ತಿರುಗುತ್ತಲೇ ಇರುತ್ತದೆ, ಮೊಮೆಂಟಮ್ ಎಲ್ಲ ಆ ಕಾಲಿನಲ್ಲಿ ಉಳಿದಿರುತ್ತದೆ. ಕಾಲು ಒಳಗೆ ಮಡಚಿದ ಕೂಡಲೇ ಅದು ಮೈಗೆ ಬರುತ್ತದೆ. ಇದು ನನಗೆ ಗೊತ್ತಾದದ್ದು ಈ ವರ್ಷ. ಆರನೇ ಕ್ಲಾಸಿನಲ್ಲಿ ಗೊತ್ತಿದ್ದಿದ್ದರೆ ಚಾವಡಿಯ ರೆಡ್ ಆಕ್ಸೈಡ್ ನೆಲದ ಮೇಲೆ ಸಾಕ್ಸ್ ಹಾಕಿ ತಿರುಗಲು ಹೋಗಿ ಗಲ್ಲಕ್ಕೆ ಎರಡು ಹೊಲಿಗೆ ಬೀಳುತ್ತಿರಲಿಲ್ಲ.

ಬ್ಯಾಲೆ ಕ್ಲಾಸಿಗೆ ಸೇರಿಸಿ ಅಂತ ಅತ್ತೆ. ಅಮ್ಮ "ಭರತನಾಟ್ಯಕ್ಕೆ ಹೋಗು, ಹತ್ತಿರ ಉಂಟು" ಅಂದಳು. ಎರಡು ವರ್ಷ ಹೋದೆ, ಟ್ಯೂಷನ್ ಶುರುವಾದಾಗ ಬಿಟ್ಟೆ. ಅಷ್ಟರಲ್ಲಿ ಕ್ಲಾಸಿನ ಹುಡುಗರಿಗೆ ಬೌಲರ್‌ಗಳ ಹೆಸರು ಬಾಯಿಪಾಠ ಇದ್ದ ಹಾಗೆ ನನಗೆ ಪಾವ್ಲೋವಾ, ಉಲಾನೊವಾ, ಪ್ಲಿಸೆಟ್ಸ್ಕಾಯಾ ಎಂಬ ಹೆಸರುಗಳು ಬಂದಿದ್ದವು. ಅನ್ನಾ ಪಾವ್ಲೋವಾ 1922ರಲ್ಲಿ ಭಾರತಕ್ಕೂ ಬಂದಿದ್ದಳು. ಆಮೇಲೆ ಲಂಡನ್ನಿನಲ್ಲಿ ಚಿತ್ರಕಲೆ ಓದುತ್ತಿದ್ದ ಉದಯಶಂಕರ್ ಅವಳ ಜೊತೆ ರಾಧಾಕೃಷ್ಣರ ನೃತ್ಯ ಮಾಡಿದರು. ಅವಳನ್ನು ನೋಡಿ ಬ್ಯಾಲೆ ಕಲಿಯಹೊರಟ ರುಕ್ಮಿಣಿದೇವಿ ಅರುಂಡೇಲ್ ಕೊನೆಗೆ ತಲುಪಿದ್ದು ಭರತನಾಟ್ಯಕ್ಕೆ. ಹಾಗಾಗಿ ಅಮ್ಮ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ ಅನ್ನಿ.

ಈಗ ಮಂಡಿ. ಅದನ್ನು ಹೇಳಬೇಕಾದರೆ ಅಜ್ಜನ ವಿಷಯ ಹೇಳಬೇಕು.

ಅಜ್ಜ, ನನ್ನ ಅಪ್ಪನ ಅಪ್ಪ, ಹುಟ್ಟಿದ್ದು ಕಾರ್ಕಳದ ಬೈಲೂರು ಕಡೆ. ಹದಿನಾಲ್ಕನೇ ವಯಸ್ಸಿಗೆ ಒಂದು ಮೇಳಕ್ಕೆ ಸೇರಿದರು. ಆ ಕಾಲದಲ್ಲಿ ಸೇರಿದ ಹುಡುಗ ಮೊದಲು ಕೋಡಂಗಿ, ಆಮೇಲೆ ಬಾಲಗೋಪಾಲ, ಆಮೇಲೆ ಪೀಠಿಕೆ ಸ್ತ್ರೀವೇಷ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕಿತ್ತು. ಹಲವರು ಸ್ತ್ರೀವೇಷ ದಾಟಿ ಪುರುಷವೇಷಕ್ಕೆ ಹೋಗುತ್ತಾರೆ. ಅಜ್ಜ ದಾಟಲಿಲ್ಲ. ಹನ್ನೊಂದು ತಿರುಗಾಟ, ದೀಪಾವಳಿಯ ನಂತರ ಹೊರಟರೆ ಪತ್ತನಾಜೆಯವರೆಗೆ ಊರೂರು. ಹಗಲು ನಿದ್ದೆ, ರಾತ್ರಿ ಗೆಜ್ಜೆ. ದಮಯಂತಿ, ಸುಭದ್ರೆ, ಚಿತ್ರಾಂಗದೆ, ಎಲ್ಲಕ್ಕಿಂತ ಹೆಚ್ಚು ಸುಧನ್ವನ ಹೆಂಡತಿ ಪ್ರಭಾವತಿ. ಆಮೇಲೆ ಮದುವೆ, ಬೊಂಬಾಯಿ, ಹೋಟೆಲು, ಪುನಃ ಊರು. ನಾನು ಹುಟ್ಟುವಾಗ ಅವರು ಕಾಪು ಪೇಟೆಯಲ್ಲಿ ಚಾದ ಹೋಟೆಲಿನ ಗಲ್ಲದಲ್ಲಿ ಕೂರುತ್ತಿದ್ದ ಮೀಸೆಯ ಅಜ್ಜ.

ಚಾವಡಿಯ ಗೋಡೆಯಲ್ಲಿ ಒಂದು ಕಪ್ಪುಬಿಳುಪು ಫೋಟೊ ಇತ್ತು. ಸೀರೆ, ತುರುಬು, ಹೂವು, ಮೂಗುತಿ, ಸ್ವಲ್ಪ ಓರೆಯಾಗಿ ನಿಂತ ಕತ್ತು. ಎಂಟನೇ ಕ್ಲಾಸಿನಲ್ಲಿ ನನ್ನ ಫ್ರೆಂಡ್ ಮನೆಗೆ ಬಂದವಳು ಅದನ್ನು ನೋಡಿ "ವಾವ್, ಯಾರಿದು, ನಿನ್ನ ಅಜ್ಜಿಯಾ? ಎಷ್ಟು ಚಂದ!" ಅಂದಳು. ಅದರ ಹಿಂದಿನ ವಾರವಷ್ಟೇ ಕ್ಲಾಸಿನಲ್ಲಿ ಒಬ್ಬ ಹುಡುಗ ಆನ್ಯುವಲ್ ಡೇಗೆ ಹುಡುಗಿಯ ಪಾರ್ಟು ಮಾಡಿದ್ದಕ್ಕೆ ಅವನಿಗೆ ಒಂದು ಹೆಸರು ಬಿದ್ದಿತ್ತು, ಇಲ್ಲಿ ಬರೆಯುವಂಥದ್ದಲ್ಲ. ನಾನು ಒಂದು ಸೆಕೆಂಡೂ ಯೋಚಿಸಲಿಲ್ಲ.

"ಹೌದು, ಅಜ್ಜಿ."

ಅಜ್ಜ ಜಗಲಿಯಲ್ಲಿ ಪೇಪರ್ ಓದುತ್ತಾ ಕೂತಿದ್ದರು. ಪೇಪರ್ ಮಡಚಲಿಲ್ಲ, ತಿರುಗಿ ನೋಡಲಿಲ್ಲ. ಮರುದಿನ ಶಾಲೆಯಿಂದ ಬಂದಾಗ ಗೋಡೆಯಲ್ಲಿ ಒಂದು ಮೊಳೆ, ಅದರ ಕೆಳಗೆ ಬಣ್ಣ ಮಾಸದ ಒಂದು ಚೌಕ. ಅಮ್ಮ "ಗೆದ್ದಲು ಹಿಡಿಯುತ್ತಿತ್ತಂತೆ, ಅಜ್ಜನೇ ತೆಗೆದಿಟ್ಟರು" ಅಂದಳು. ಕ್ಯಾಲೆಂಡರ್ ತಂದು ಆ ಮೊಳೆಗೆ ಹಾಕಿದರು. ನಾವಿಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ.

ಆಮೇಲೆ 2020ರ ಲಾಕ್‌ಡೌನ್. ಮಾರ್ಚಿನಲ್ಲಿ, ಸರಿಯಾಗಿ ಆಟದ ಸೀಸನ್ ನಡುವೆ ಮೇಳಗಳೆಲ್ಲ ನಿಂತುಹೋದವು. ಅಜ್ಜನಿಗೆ ಚಡಪಡಿಕೆ. ನನಗೆ ಆನ್‌ಲೈನ್ ಕ್ಲಾಸಿಗೆ ಅಂತ ಕೊಡಿಸಿದ ಫೋನಿನಲ್ಲಿ ಅವರಿಗೆ ಆಟ ಹಾಕಿ ಕೊಡುವುದು ನನ್ನ ಡ್ಯೂಟಿ. ಕಾರ್ಕಳದ ಶಶಿಕಾಂತ ಶೆಟ್ಟಿಯವರ ಸ್ತ್ರೀವೇಷ ಹಾಕಿದರೆ ಅಜ್ಜ ಊಟಕ್ಕೆ ಏಳುತ್ತಿರಲಿಲ್ಲ. ಮಂಟಪ ಪ್ರಭಾಕರ ಉಪಾಧ್ಯರು ಒಬ್ಬರೇ ಮಾಡುವ, ಶತಾವಧಾನಿ ಗಣೇಶರ 'ಭಾಮಿನಿ'ಯನ್ನು ಎರಡು ಸಲ ನೋಡಿದರು. ಒಂದು ದಿನ ಅವರದ್ದು ಮುಗಿದ ಮೇಲೆ ನಾನು ಪಕ್ಕದಲ್ಲೇ ಕೂತು ಪ್ಲಿಸೆಟ್ಸ್ಕಾಯಾಳ 'ಸಾಯುವ ಹಂಸ' ಹಾಕಿದೆ. ನಾಲ್ಕೇ ನಿಮಿಷ. ಸೆಲ್ಲೊ ನುಡಿಯುತ್ತದೆ, ಅವಳು ಬೆನ್ನು ಹಾಕಿಕೊಂಡು, ಬೆರಳತುದಿಯಲ್ಲಿ ಸಣ್ಣ ಸಣ್ಣ ಹೆಜ್ಜೆಯಲ್ಲಿ ಜಾರುತ್ತಾ ಬರುತ್ತಾಳೆ. ಎರಡು ಕೈ ಅಲೆಯ ಹಾಗೆ. ಕೊನೆಗೆ ನೆಲಕ್ಕೆ ಮಡಚಿ ಬೀಳುತ್ತಾಳೆ.

ಅಜ್ಜ ಕನ್ನಡಕ ಹಾಕಿ ಹತ್ತಿರ ಬಂದರು. "ಪುನಃ ಹಾಕು."

ಹಾಕಿದೆ.

"ಇವಳಿಗೆ ಮೊಣಕೈಯಲ್ಲಿ ಎಲುಬು ಇಲ್ಲವಾ?" ಆಮೇಲೆ, "ಕಾಲು ನೋಡಬೇಡ ಮಗಾ. ಕಾಲು ಕೆಲಸ ಮಾಡ್ತಾ ಉಂಟು, ಆದ್ರೆ ಮುಖದಲ್ಲಿ ಆ ಭಾರ ಇಲ್ಲ. ಸ್ತ್ರೀವೇಷಕ್ಕೆ ಅದೇ ಕಷ್ಟ. ಭಾರ ತೋರಿಸಬಾರದು." ಮತ್ತೆ, "ಇದು ಎಂತಕ್ಕೆ ಸಾಯ್ತದೆ?"

"ಅದಕ್ಕೆ ಕತೆ ಇಲ್ಲ ಅಜ್ಜ."

"ಬೇಡ. ಗೊತ್ತಾಗ್ತದೆ."

ಅರುವತ್ತು ದಾಟಿದ ಮೇಲೂ ಅವಳು ಇದನ್ನು ಮಾಡಿದ್ದಾಳೆ ಅಂದಾಗ ಅಜ್ಜ ತಲೆಯಾಡಿಸಿದರು. ಆಶ್ಚರ್ಯದ ತಲೆಯಾಡಿಸುವಿಕೆ ಅಲ್ಲ, 'ಸರಿ, ಹಾಗೇ ಇರಬೇಕು' ಅನ್ನುವ ಥರದ್ದು. ಇದಕ್ಕೆ ಎಂತ ಹೇಳ್ತಾರೆ ಅಂತ ಕೇಳಿದರು. ಬ್ಯಾಲೆ ಅಂದೆ.

"ಬ್ಯಾಲೆಯಾ? ಕಾರಂತರದ್ದಾ?"

ನಾನು ನಕ್ಕೆ. ಅವರಿಗೆ ಕೇಳಿಸಿದ್ದು ತಪ್ಪು ಅಂದುಕೊಂಡೆ. ತಪ್ಪು ನನ್ನದೇ. ಕೋಟದ ಶಿವರಾಮ ಕಾರಂತರು (1902–1997) ಯಕ್ಷಗಾನವನ್ನು ಇಟ್ಟುಕೊಂಡು ಮಾಡಿದ ಪ್ರಯೋಗಕ್ಕೆ ಹೆಸರೇ ಯಕ್ಷಗಾನ ಬ್ಯಾಲೆ. ನನಗೆ ಕಾರಂತರು ಅಂದರೆ 'ಮೂಕಜ್ಜಿಯ ಕನಸುಗಳು', 1977ರ ಜ್ಞಾನಪೀಠ, ಕ್ವಿಜ್ ಪ್ರಶ್ನೆ. ಅಜ್ಜನಿಗೆ ಅವರು ಮೊದಲು ಆಟದವರು. ರಾತ್ರಿಯಿಡೀ ನಡೆಯುವ ಆಟವನ್ನು ಅವರು ಎರಡು ಮೂರು ಗಂಟೆಗೆ ಇಳಿಸಿದರು. ಪಾತ್ರಧಾರಿಗಳ ಮಾತು ತೆಗೆದರು. ಭಾಗವತರ ಪದ, ಕುಣಿತ, ಅಭಿನಯ ಉಳಿಸಿದರು. ಚೆಂಡೆ ಮದ್ದಳೆಯ ಜೊತೆ ವಯಲಿನ್, ಸ್ಯಾಕ್ಸೊಫೋನ್ ತಂದರು. ಕನ್ನಡ ಬಾರದವರಿಗೂ ತಲುಪಬೇಕು ಅಂತ. ಆ ಯಕ್ಷರಂಗ ತಂಡ ವಿದೇಶಕ್ಕೂ ಹೋಯಿತು. 1970ರ ದಶಕದ ಆರಂಭದಲ್ಲಿ ಎಂಜಿಎಂ ಕಾಲೇಜಿನ ಆಶ್ರಯದಲ್ಲಿ ಶುರುವಾದ ಉಡುಪಿಯ ಯಕ್ಷಗಾನ ಕೇಂದ್ರ ಅದರ ನೆಲೆ. ಈಗ ಅದು ಇಂದ್ರಾಳಿಯಲ್ಲಿದೆ. ನಾವು ಉಡುಪಿ ರೈಲ್ವೆ ಸ್ಟೇಷನ್ನಿಗೆ ಹೋಗುವಾಗಲೆಲ್ಲ ಹಾದುಹೋಗುವುದು ಅದೇ ಇಂದ್ರಾಳಿ. ಬ್ಯಾಲೆ ಬೇಕು ಅಂತ ಅತ್ತವಳಿಗೆ ಹದಿನೈದು ಕಿಲೋಮೀಟರ್ ಆಚೆ ಅದೇ ಹೆಸರಿನದ್ದೊಂದು ಇದೆ ಅಂತ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ ಬಿಡಿ.

ಮೇಳ ಬಿಡುವ ಸಮಯದಲ್ಲಿ ಅಜ್ಜ ಅದನ್ನು ಉಡುಪಿಯಲ್ಲಿ ಒಮ್ಮೆ ನೋಡಿದ್ದರಂತೆ. ಇಷ್ಟ ಆಯ್ತಾ ಅಂದರೆ ನೇರ ಉತ್ತರ ಇಲ್ಲ. "ಕುಣಿತ ಚಂದ ಇತ್ತು. ಆದ್ರೆ ಪ್ರಭಾವತಿ ಮಾತಾಡದಿದ್ರೆ ಸುಧನ್ವ ಎಂತಕ್ಕೆ ನಿಲ್ತಾನೆ?" ಕತೆ ಗೊತ್ತಿಲ್ಲದವರಿಗೆ: ಸುಧನ್ವ ಅರ್ಜುನನ ಜೊತೆ ಯುದ್ಧಕ್ಕೆ ಹೊರಟಿದ್ದಾನೆ. ತಡವಾಗಿ ಬಂದವನಿಗೆ ಕಾದ ಎಣ್ಣೆಯ ಕೊಪ್ಪರಿಗೆ ಅಂತ ಅಪ್ಪನ ಆಜ್ಞೆ. ಹೆಂಡತಿ ಪ್ರಭಾವತಿ ಅವನನ್ನು ತಡೆದು ನಿಲ್ಲಿಸುತ್ತಾಳೆ. ಅವಳಿಗೆ ಅವನಿಂದ ಮಗು ಬೇಕು, ಅವನು ಮರಳಿ ಬರುತ್ತಾನೋ ಇಲ್ಲವೋ ಗೊತ್ತಿಲ್ಲ. ಅಜ್ಜನ ಪ್ರಕಾರ ಆ ತಡೆಯುವುದರಲ್ಲಿ ಅರ್ಧ ಕಣ್ಣು, ಅರ್ಧ ಮಾತು. ಮಾತು ಬರೆದಿಟ್ಟದ್ದಲ್ಲ, ಆ ರಾತ್ರಿ ಎದುರಿನವನು ಏನು ಹೇಳುತ್ತಾನೋ ಅದಕ್ಕೆ ತಕ್ಕ ಹಾಗೆ. ಕಾರಂತರ ಪ್ರಯೋಗಕ್ಕೆ ಆ ಕಾಲದಲ್ಲೇ ಸಂಪ್ರದಾಯದವರ ವಿರೋಧ ಇತ್ತು. ಈಗ ಯೋಚಿಸಿದರೆ ನನಗೆ ಇಬ್ಬರೂ ಸರಿ ಅನಿಸುತ್ತದೆ. ಪ್ಲಿಸೆಟ್ಸ್ಕಾಯಾ ಒಂದು ಶಬ್ದ ಆಡದೆ ಅಜ್ಜನಿಗೆ ತಲುಪಿದಳಲ್ಲ.

ಅದೇ ವರ್ಷ ಅಕ್ಟೋಬರಿನಲ್ಲಿ ಹಿರಿಯಡ್ಕ ಗೋಪಾಲರಾಯರು ತೀರಿಕೊಂಡರು, ನೂರು ದಾಟಿತ್ತು. ಏರು ಮದ್ದಳೆಗೆ ಹೆಸರಾದವರು. ಅಮೆರಿಕದಿಂದ ಬಂದ ಮಾರ್ತಾ ಆಶ್ಟನ್ ಅವರ ಬಳಿ ಕಲಿತು, ತಾನೇ ವೇಷ ಕಟ್ಟಿ ಕುಣಿದು, 1977ರಲ್ಲಿ ಯಕ್ಷಗಾನದ ಬಗ್ಗೆ ಇಂಗ್ಲಿಷ್ ಪುಸ್ತಕವನ್ನೂ ತಂದಳು. ಅಜ್ಜ ಪೇಪರಿನ ಆ ಸುದ್ದಿಯನ್ನು ಕತ್ತರಿಸಿಕೊಂಡು ಕಪಾಟಿನ ಕೆಳಗಿನ ಖಾನೆಯಲ್ಲಿ ಇಟ್ಟರು. ಬಾಗಿಲು ತೆರೆದಾಗ ಒಳಗೆ ಪೇಪರಿನಲ್ಲಿ ಸುತ್ತಿದ ಚೌಕವೊಂದು ನನಗೆ ಕಂಡಿತು. ಆಗಲೂ ನಾನು ಸುಮ್ಮನಿದ್ದೆ.

ಹೋದ ವರ್ಷ ಮಣಿಪಾಲದಲ್ಲಿ ಅಜ್ಜನ ಎಡ ಮಂಡಿಯ ಆಪರೇಷನ್ ಆಯಿತು. ಕ್ಯಾಂಪಸ್ಸಿನಲ್ಲಿ ಇರುವವಳು ನಾನೇ ಆದ್ದರಿಂದ ಕ್ಲಾಸ್ ಮುಗಿಸಿ ಓಡುವುದು ನಾನು. ಮಂಡಿ ಅನ್ನುವುದು ಬಡಗುತಿಟ್ಟಿನಲ್ಲಿ ಒಂದು ಕುಣಿತದ ಹೆಸರು ಕೂಡ. ಮೊಣಕಾಲೂರಿ, ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಾಯಿಸುತ್ತಾ, ರಂಗಸ್ಥಳದ ಸುತ್ತ ಬುಗುರಿಯ ಹಾಗೆ ತಿರುಗುವುದು. ಸ್ತ್ರೀವೇಷಕ್ಕೆ ಅದು ಬೇಕಿಲ್ಲ. ಆದರೆ ಕಲಿಯುವ ಹುಡುಗರು ಎಲ್ಲವನ್ನೂ ಕಲಿಯಬೇಕು. ಕೊಯ್ದ ಗದ್ದೆಯ ಗಟ್ಟಿ ನೆಲದಲ್ಲಿ ಕಲಿತದ್ದಂತೆ. ಬ್ಯಾಲೆಯವರಿಗಾದರೋ ಬಟ್ಟೆಗೆ ಗೋಂದು ಹಾಕಿ ಗಟ್ಟಿ ಮಾಡಿದ ಶೂ ಇದೆ, ಆದರೂ ಬೆರಳು ಹಾಳಾಗುತ್ತದೆ. ಇವರಿಗೆ ಬರಿ ಚರ್ಮ.

ಡಾಕ್ಟರ್ ಎಕ್ಸ್‌ರೇ ಹಿಡಿದು, "ಇಷ್ಟು ಸವೆದಿದೆಯಲ್ಲ ಅಜ್ಜ, ಎಂತ ಕೆಲಸ ಮಾಡ್ತಿದ್ರಿ?" ಅಂದರು.

ಅಜ್ಜ ಒಮ್ಮೆ ನನ್ನ ಕಡೆ ನೋಡಿದರು. "ಹೋಟೆಲು."

ಅದೊಂದು ಶಬ್ದ ಅವರು ನನಗೋಸ್ಕರ ಹೇಳಿದ್ದು. ಬಾಯಿ ತೆರೆಯಬೇಕಿತ್ತು. ಫೈಲ್ ಹಿಡಿದು ನಿಂತೇ ಇದ್ದೆ.

ಈ ಫೆಬ್ರವರಿಯಲ್ಲಿ ಬೈಲೂರಿನ ಸಂಬಂಧಿಕರ ಮನೆಯಲ್ಲಿ ಹರಕೆ ಆಟ. ಹೊಸ ಮಂಡಿಯಲ್ಲಿ ಹೋಗಲೇಬೇಕು ಅಂತ ಅಜ್ಜನ ಹಟ. ಶನಿವಾರ ಮಧ್ಯಾಹ್ನ ಅಪ್ಪನ ಕಾರಿನಲ್ಲಿ ಪರ್ಕಳ, ಹಿರಿಯಡ್ಕ ದಾಟಿ ಹೋದೆವು. ಆಟ ಶುರುವಾಗುವ ಮೊದಲು ಅವರು ಕೋಲೂರಿಕೊಂಡು ಚೌಕಿಗೆ ನಡೆದರು, ನಾನು ಹಿಂದೆ. ನನ್ನ ವಯಸ್ಸಿನ ಹುಡುಗನೊಬ್ಬ ಚಾಪೆಯಲ್ಲಿ ಕೂತು, ಕನ್ನಡಿ ಹಿಡಿದು ಕಣ್ಣಿಗೆ ಕಪ್ಪು ಎಳೆಯುತ್ತಿದ್ದ. ಅಜ್ಜ ಏನೂ ಹೇಳದೆ ನೋಡುತ್ತಾ ನಿಂತರು. ಅವನು ತುರುಬು ಕಟ್ಟುವಾಗ ಮಾತ್ರ "ಸ್ವಲ್ಪ ಕೆಳಗೆ. ಕತ್ತು ಕಾಣ್ಬೇಕು" ಅಂದರು. ಅವನು ತಲೆ ಎತ್ತಿ, ತುರುಬು ಬಿಚ್ಚಿ, ಪುನಃ ಕಟ್ಟಿದ. ಕತ್ತು ಕಂಡಿತು. ಆ ಓರೆ ನನಗೆ ಗೊತ್ತಿತ್ತು, ಎಂಟನೇ ಕ್ಲಾಸಿನವರೆಗೆ ದಿನಾ ನೋಡಿದ್ದು.

ರಾತ್ರಿ ಎರಡು ಗಂಟೆಗೆ ಚಾ ಕುಡಿಯುವಾಗ ಕೇಳಿದೆ. "ಅಜ್ಜ, ಆ ಫೋಟೊ ನನಗೆ ಕೊಡ್ತೀರಾ?"

"ಯಾವ ಫೋಟೊ?" ಅಂದರು. ಗೊತ್ತಿದ್ದೇ ಅಂದದ್ದು. ಆಮೇಲೆ, "ಗ್ಲಾಸ್ ಒಡೆದಿದೆ."

ಮುಂದಿನ ವಾರ ಅದನ್ನು ಪೇಪರಿನಲ್ಲಿ ಸುತ್ತಿ, ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಹಾಕಿಕೊಂಡು ಉಡುಪಿಯ ಒಂದು ಫ್ರೇಮಿನ ಅಂಗಡಿಗೆ ಹೋದೆ. ಅಂಗಡಿಯವರು ಧೂಳು ಒರೆಸಿ, ಬೆಳಕಿಗೆ ಹಿಡಿದು ನೋಡಿದರು.

"ಅಜ್ಜಿಯಾ?"

"ಅಲ್ಲ, ಅಜ್ಜ. ಪ್ರಭಾವತಿ ವೇಷ."

ಅವರು ಇನ್ನೊಮ್ಮೆ ಹತ್ತಿರ ಹಿಡಿದು ನೋಡಿದರು. ಮರದ ಫ್ರೇಮಾದರೆ ನಾನೂರೈವತ್ತು, ಗುರುವಾರ ಬನ್ನಿ ಅಂದರು.