ಅಕ್ಕ ಕೊಟ್ಟ ಒಂದು ಸೇರು ನವಣೆ

ಹಿರಿಯೂರು ತಾಲ್ಲೂಕಿನ ಹರಿಯಬ್ಬೆ ನಮ್ಮೂರು. ಮಳೆಯನ್ನೇ ನಂಬಿದ ಊರು. ನಾನು ಚಿಕ್ಕವನಿದ್ದಾಗ ಅಪ್ಪ ಕಪಿಲೆ ಹೊಡೆಯುತ್ತಿದ್ದರು. ಎತ್ತುಗಳು ಹಿಂದಕ್ಕೆ ಬಂದರೆ ಚರ್ಮದ ಚೀಲ ಬಾವಿಗೆ ಇಳಿಯುತ್ತಿತ್ತು, ಮುಂದಕ್ಕೆ ನಡೆದರೆ ತುಂಬಿ ಮೇಲೆ ಬರುತ್ತಿತ್ತು. ಆ ನೀರು ಒಂದು ತುಂಡು ರಾಗಿ ಮಡಿಗೆ ಮಾತ್ರ. ಉಳಿದ ಹೊಲದಲ್ಲೆಲ್ಲ ನವಣೆ, ಸಜ್ಜೆ. ನಡುವೆ ಅಕ್ಕಡಿ ಸಾಲಿನಲ್ಲಿ ತೊಗರಿ, ಅವರೆ.

ಅವ್ವ ಪ್ರತಿ ವರ್ಷ ಒಳ್ಳೆಯ ತೆನೆಗಳನ್ನೇ ಆರಿಸಿ, ಕಾಳಿಗೆ ಬೂದಿ ಬೆರೆಸಿ ಗಡಿಗೆಯಲ್ಲಿ ಇಡುತ್ತಿದ್ದಳು. "ಹಸಿದರೂ ಬಿತ್ತನೆ ಕಾಳು ಮುಟ್ಟಬಾರದು" ಎನ್ನುತ್ತಿದ್ದಳು.

ಆಮೇಲೆ ಪಂಪ್‌ಸೆಟ್ ಬಂತು. ಎತ್ತಿಗೂ ಅಪ್ಪನಿಗೂ ಬಿಡುವು ಸಿಕ್ಕಿತು. ಶೇಂಗಾ, ಈರುಳ್ಳಿ ಬೆಳೆದೆವು. ಬಾವಿ ಬತ್ತಿದಾಗ ನಾನು ಕೊಳವೆಬಾವಿ ಕೊರೆಸಿ, ಡ್ರಿಪ್ ಹಾಕಿಸಿ ದಾಳಿಂಬೆ ಇಟ್ಟೆ. ಸುಳ್ಳು ಹೇಳಬಾರದು, ಮೊದಲ ವರ್ಷಗಳಲ್ಲಿ ಕೈತುಂಬ ದುಡ್ಡು ಬಂತು. ಮನೆಗೆ ತಾರಸಿ ಬಂತು, ಮಗಳು ಕಾಲೇಜು ಓದಿದಳು. ಆ ಗುಂಗಿನಲ್ಲೇ ಅವ್ವನ ಗಡಿಗೆಯ ಕಾಳನ್ನು ಕೋಳಿಗೆ ಎರಚಿಬಿಟ್ಟೆ. ಅವಳು ಆಗ ಇರಲಿಲ್ಲ.

ಒಂದು ಬೇಸಿಗೆ ಕೊಳವೆಬಾವಿ ಬರೀ ಗಾಳಿ ಉಗುಳಿತು. ಸಾಲ ಮಾಡಿ ಇನ್ನೊಂದು ಕೊರೆಸಿದೆ. ಬಂದದ್ದು ಧೂಳು. ಕಣ್ಣೆದುರೇ ಗಿಡಗಳು ಒಣಗಿದವು. ಮಗ ಬೆಂಗಳೂರಿಗೆ ಕೆಲಸಕ್ಕೆ ಹೋದ.

2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತು. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟು 1933ರ ನಂತರ ಕೋಡಿ ಹರಿದದ್ದು ಅದೇ ಮೊದಲು. ಮೊಮ್ಮಗಳನ್ನು ಕರೆದುಕೊಂಡು ನೋಡಲು ಹೋದೆ.

"ತಾತ, ಈ ನೀರು ನಮ್ಮ ಹೊಲಕ್ಕೆ ಬರುತ್ತಾ?"

"ಇಲ್ಲ ಪುಟ್ಟಿ."

"ಮತ್ತೆ ನಮ್ಮ ಹೊಲಕ್ಕೆ ಏನು ಬರುತ್ತೆ?"

"ಮಳೆ."

"ಮಳೆಗೆ ಏನು ಬೆಳೆಯುತ್ತೆ?"

ಮನೆಗೆ ಬರುವ ದಾರಿಯುದ್ದಕ್ಕೂ ನಾನು ಮಾತಾಡಲಿಲ್ಲ. ವಾರದೊಳಗೆ ಅಕ್ಕನ ಊರಿಗೆ ಹೋದೆ. ಅವಳ ಮನೆಯಲ್ಲಿ ಅವ್ವನ ನವಣೆ ಇನ್ನೂ ಇತ್ತು. ಒಂದು ಸೇರು ಅಳೆದು ಕೊಡುತ್ತಾ, "ಕೋಳಿಗೆ ಹಾಕಬೇಡ" ಎಂದಷ್ಟೇ ಹೇಳಿದಳು.

2023 ಸಿರಿಧಾನ್ಯ ವರ್ಷ. ಶಾಲೆಯಲ್ಲಿ ಮೇಷ್ಟ್ರು ಹೇಳಿದ್ದನ್ನು ಪುಟ್ಟಿ ಬಂದು ನನಗೆ ಹೇಳಿದಳು. ಸಾವಿರಾರು ವರ್ಷಗಳ ಹಿಂದೆ ನವಣೆಯನ್ನು ಮೊದಲು ಬೇಸಾಯಕ್ಕೆ ತಂದವರಲ್ಲಿ ಉತ್ತರ ಚೀನಾದವರು ಸೇರಿದ್ದಾರಂತೆ. ಅಲ್ಲಿನ ಆವೊಹಾನ್ ಎಂಬ ಪ್ರದೇಶವೂ ನಮ್ಮ ಹಾಗೇ ಒಣ ಸೀಮೆ. ಅಲ್ಲಿ ಈಗಲೂ ನವಣೆ ಬೆಳೆಯುತ್ತಾರೆ. ಆ ಬೇಸಾಯವನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2012ರಲ್ಲಿ ಜಗತ್ತಿನ ಪರಂಪರೆ ಎಂದು ಗುರುತಿಸಿದೆ.

"ಅವರು ಬಿಡಲಿಲ್ಲ. ನೀನ್ಯಾಕೆ ಬಿಟ್ಟೆ ತಾತ?"

ಪಂಪ್‌ಸೆಟ್ಟಾಗಲಿ ದಾಳಿಂಬೆಯಾಗಲಿ ತಪ್ಪಲ್ಲ, ಮಕ್ಕಳೇ. ಹೊಸದು ಬಂತೆಂದು ಹಳೆಯ ಬೀಜ ಎರಚಿದ್ದು ನನ್ನ ತಪ್ಪು. ಈಗ ಎರಡು ಎಕರೆಯಲ್ಲಿ ಶೇಂಗಾ, ಒಂದು ಎಕರೆಯಲ್ಲಿ ನವಣೆ. ಕೊಯ್ಲಾದ ಮೇಲೆ ತೆನೆ ಆರಿಸುವುದು ಪುಟ್ಟಿಯ ಕೆಲಸ. ಗಡಿಗೆ ಮತ್ತೆ ತುಂಬಿದೆ.