ಮಣ್ಣಿಗೆ ಆರ್ಡರ್ ಉಂಟಾ?

ಕೊರೊನಾ ಕಾಲದ ಮಾತು ಬಂದರೆ ಬೇರೆ ಊರಿನವರು ಮಾಸ್ಕು, ಚಪ್ಪಾಳೆ, ದೀಪ ಎನ್ನುತ್ತಾರೆ. ನಮ್ಮ ಪಾಣಾಜೆ ಕಡೆಯವರಿಗೆ ಮೊದಲು ನೆನಪಾಗುವುದು ಮಣ್ಣು.

ಪುತ್ತೂರಿನಿಂದ ಬಂದು ಆರ್ಲಪದವು ದಾಟಿದರೆ ಕೇರಳ, ಸ್ವರ್ಗ ಎಂಬ ಊರು, ಮತ್ತೆ ಪೆರ್ಲ. 1956ರ ನವೆಂಬರ್ 1ಕ್ಕೆ ಕಾಸರಗೋಡು ಅತ್ತ ಹೋಯಿತು, ನೆಂಟಸ್ತಿಕೆ ಇತ್ತಲೇ ಉಳಿಯಿತು. ಅಡಿಕೆ ಮಾರಲಿಕ್ಕೆ, ಮದ್ದಿಗೆ, ಮಕ್ಕಳ ಕಾಲೇಜಿಗೆ ಆಚೆಯವರು ಬರುವುದು ಪುತ್ತೂರಿಗೇ. 2020ರ ಮಾರ್ಚ್ ಕೊನೆಗೆ ಆ ರಸ್ತೆಯ ಮೇಲೆ ಟಿಪ್ಪರ್ ಬಂದು ಕೆಂಪು ಮಣ್ಣು ಸುರಿಯಿತು, ಜೆಸಿಬಿ ಅದನ್ನು ಆಳೆತ್ತರಕ್ಕೆ ಒಟ್ಟಿತು. ಸುಳ್ಯದ ಜಾಲ್ಸೂರಿನಾಚೆ ಚೆರ್ಕಳ ರಸ್ತೆಗೂ ಅದೇ ಗತಿ. ಕಾಸರಗೋಡಿನಲ್ಲಿ ಸೋಂಕು ಏರುತ್ತಿತ್ತು ಎಂಬುದು ಕಾರಣ. ಅದು ಸುಳ್ಳು ಕಾರಣವಲ್ಲ.

ನಮ್ಮ ನೆರೆಯಲ್ಲಿ ಒಬ್ಬ ಅಜ್ಜ ಇದ್ದರು, ಪುತ್ತೂರಿನಲ್ಲಿ ಬಹುಕಾಲ ವಕೀಲರ ಗುಮಾಸ್ತರಾಗಿದ್ದವರು. ಅವರ ಅಕ್ಕ ಸ್ವರ್ಗದಲ್ಲಿ. ಬಿಪಿ ಮಾತ್ರೆ ಇಲ್ಲಿಂದಲೇ ಹೋಗಬೇಕು. ಒಂದು ಬೆಳಿಗ್ಗೆ ಅಜ್ಜ ಅಡಿಕೆ ಕೊಯ್ಯುವ ದೋಟಿಯ ತುದಿಗೆ ಮಾತ್ರೆಯ ತೊಟ್ಟೆ ಕಟ್ಟಿಕೊಂಡು ಬಂದರು. ಆಚೆ ಅಕ್ಕನ ಅಳಿಯ ಕಾದಿದ್ದ. ದೋಟಿ ದಿಬ್ಬದ ಮೇಲಿಂದ ನಿಧಾನಕ್ಕೆ ಬಾಗಿತು, ಅಳಿಯ ತೊಟ್ಟೆ ಬಿಚ್ಚಿಕೊಂಡ. "ಅತ್ತೆಗೆ ಹೇಳು, ಊಟದ ಮೊದಲು," ಎಂದರು. ಮತ್ತೆ ಕಾವಲಿಗಿದ್ದ ಹುಡುಗನ ಕಡೆ ತಿರುಗಿ ಕೇಳಿದರು: "ಈ ಮಣ್ಣಿಗೆ ಆರ್ಡರ್ ಉಂಟಾ ಮಾರಾಯ? ಇದ್ದರೆ ತೋರಿಸು."

"ಮೇಲಿಂದ ಹೇಳಿದ್ದಾರೆ ಅಜ್ಜ."

ಹಿಂದೆ ಬರುವಾಗ ಅವರು ಎಪ್ಪತ್ತೈದರ ತುರ್ತುಪರಿಸ್ಥಿತಿಯ ಸುದ್ದಿ ತೆಗೆದರು. "ಆಗ ಕಾನೂನು ನಿಲ್ಲಿಸಿದ್ದೂ ಕಾಗದದಲ್ಲೇ. 352ನೇ ವಿಧಿ, ರಾಷ್ಟ್ರಪತಿಗಳ ಸಹಿ. ಕೆಟ್ಟ ಕಾಗದವೇ, ಆದರೆ ಕಾಗದ ಇದ್ದರೆ ಕೋರ್ಟಿಗೆ ಹೋಗಲಿಕ್ಕಾಗುತ್ತದೆ." ಹೋದವರೂ ಇದ್ದರು. ಬೆಂಗಳೂರಿನಲ್ಲಿ ಬಂಧಿತರಾದ ವಾಜಪೇಯಿ, ಅಡ್ವಾಣಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಅಂಥ ಅರ್ಜಿ ಕೇಳಬಹುದೆಂದು ನಮ್ಮ ಹೈಕೋರ್ಟು ಹೇಳಿತು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ಆ ಬಾಗಿಲನ್ನೂ ಮುಚ್ಚಿತು. ಐವರು ನ್ಯಾಯಮೂರ್ತಿಗಳಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಅದಕ್ಕೇ 1978ರಲ್ಲಿ 44ನೇ ತಿದ್ದುಪಡಿ ಬಂತು: ತುರ್ತುಪರಿಸ್ಥಿತಿಯಲ್ಲೂ 21ನೇ ವಿಧಿಯ ಜೀವದ ಹಕ್ಕನ್ನು ಅಮಾನತಿನಲ್ಲಿಡುವಂತಿಲ್ಲ.

2020ರಲ್ಲಿ ಯಾರೂ ತುರ್ತುಪರಿಸ್ಥಿತಿ ಘೋಷಿಸಲಿಲ್ಲ. ಸಂವಿಧಾನದ ಒಂದಕ್ಷರವೂ ಅಲುಗಲಿಲ್ಲ. ಇದ್ದದ್ದು 2005ರ ವಿಪತ್ತು ನಿರ್ವಹಣಾ ಕಾಯ್ದೆ. ಅದರಲ್ಲಿ ಜಿಲ್ಲಾಡಳಿತ ವಾಹನ ಸಂಚಾರ ನಿಯಂತ್ರಿಸಬಹುದು ಎಂದುಂಟು. ನಿಯಂತ್ರಿಸುವುದೆಂದರೆ ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂದು ನೋಡುವುದು. ಮಣ್ಣು ನೋಡುವುದಿಲ್ಲ. ಬಸುರಿಯೂ ಒಂದೇ, ಕಳ್ಳಸಾಗಣೆಯವನೂ ಒಂದೇ. ಹೆದ್ದಾರಿಯ ತಲಪಾಡಿ ಗಡಿಯಲ್ಲಿ ಆಂಬುಲೆನ್ಸ್ ತಡೆದು, ಮಂಗಳೂರಿನ ಆಸ್ಪತ್ರೆ ತಲುಪದೆ ಗಡಿಯಾಚೆಯ ರೋಗಿಗಳು ತೀರಿಕೊಂಡ ಸುದ್ದಿ ಒಂದರ ಹಿಂದೊಂದು ಬರುತ್ತಿತ್ತು.

ಕಾನೂನು ಯಾವಾಗ ಅನ್ವಯಿಸುವುದಿಲ್ಲವೆಂದು ತೀರ್ಮಾನಿಸುವವನೇ ನಿಜವಾದ ದೊರೆ ಎಂದು ಜರ್ಮನಿಯ ಕಾರ್ಲ್ ಸ್ಮಿಟ್ 1922ರಲ್ಲಿ ವಾದಿಸಿದ್ದ. ಮುಂದೆ ಹಿಟ್ಲರನ ಪಕ್ಷ ಸೇರಿದವ. ಆರ್ಲಪದವಿನಲ್ಲಿ ತೀರ್ಮಾನಿಸಿದವರು ಯಾರೆಂದು ಕೇಳಿದರೆ ಪ್ರತಿಯೊಬ್ಬರೂ ತನಗಿಂತ ಮೇಲಿನವರ ಕಡೆ ಕೈ ತೋರಿಸುತ್ತಿದ್ದರು. ದೊರೆ ಸಿಗಲೇ ಇಲ್ಲ. ಸ್ಮಿಟ್ ಹೇಳಿದ್ದಕ್ಕಿಂತಲೂ ಭಯ ಹುಟ್ಟಿಸುವ ಸಂಗತಿ ಇದು ಎಂದು ನನಗೆ ಅನಿಸುತ್ತದೆ. ಅದಕ್ಕಿಂತಲೂ ನೋವಿನದ್ದು ಇನ್ನೊಂದು: ದಿಬ್ಬ ಇನ್ನಷ್ಟು ಎತ್ತರವಾಗಲಿ ಎಂದವರು ನಮ್ಮ ಊರಿನಲ್ಲೇ ಇದ್ದರು. ಅದರ ಹಿಂದಿನ ತಿಂಗಳು ಸ್ವರ್ಗದಲ್ಲಿ ಮದುವೆಯೂಟ ಉಂಡು ಬಂದವರು.

ಏಪ್ರಿಲ್ 1ರಂದು ಕೇರಳ ಹೈಕೋರ್ಟು, ಈ ತಡೆ ಜನರ ಸಂಚಾರದ ಮತ್ತು ಜೀವದ ಹಕ್ಕಿಗೆ ವಿರುದ್ಧವೆಂದು ಹೇಳಿ, ರಾಷ್ಟ್ರೀಯ ಹೆದ್ದಾರಿಯ ಅಡ್ಡಿ ತೆಗೆಸಲು ಕೇಂದ್ರಕ್ಕೆ ಸೂಚಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಏಪ್ರಿಲ್ 7ರ ಹೊತ್ತಿಗೆ ತಲಪಾಡಿಯಲ್ಲಿ ರೋಗಿಗಳನ್ನು ಬಿಡಲು ಒಪ್ಪಂದವಾಯಿತು. ನಮ್ಮ ಒಳರಸ್ತೆಯ ಮಣ್ಣು ಅಲ್ಲೇ ಉಳಿಯಿತು.

ಅಜ್ಜ ಮನೆಯಲ್ಲಿ ಕೂತು ಮಾಹಿತಿ ಹಕ್ಕಿನ ಅರ್ಜಿ ಬರೆದರು, ಕೋರ್ಟಿನ ಆ ಹಳೆಯ ದುಂಡಗಿನ ಅಕ್ಷರದಲ್ಲಿ. ಯಾವ ಕಾಯ್ದೆಯ ಯಾವ ಕಲಮು? ಸಹಿ ಯಾರದ್ದು? ಎಷ್ಟು ದಿನದ ತನಕ? ಓದಿ ನೋಡು ಎಂದು ನನ್ನ ಕೈಗೆ ಕೊಟ್ಟರು. ಅವರ ಹೆಸರಿನ ಕೆಳಗೆ ನಾನೂ ಸಹಿ ಹಾಕಿದೆ.